ಬಿಫಾನಾದ ಜೀವ ಇರುವುದು ರಸದಲ್ಲಿ

ಲಿಸ್ಬನ್ನಿನ ಹಳೇ ಪೇಟೆಯಲ್ಲಿ ಕಣ್ಣಿಗಿಂತ ಮೊದಲು ಮೂಗಿಗೆ ಸಿಗುವ ಅಂಗಡಿಗಳಿವೆ. ಬೆಳ್ಳುಳ್ಳಿ, ಹಂದಿಯ ಕೊಬ್ಬು, ಕಾದ ವೈನು ಮೂರೂ ಸೇರಿದ ಘಮ ಓಣಿಯ ತಿರುವಿನಲ್ಲೇ ಎದುರಾಗುತ್ತದೆ. ಬೀದಿಗೆ ಮುಖ ಮಾಡಿದ ಕಿಟಕಿಯ ಹಿಂದೆ ದೋಸೆ ಕಾವಲಿಯಷ್ಟು ಅಗಲದ, ಆಳ ಕಡಿಮೆಯ ಬಾಣಲೆ. ಅದರಲ್ಲಿ ಕಂದುಗೆಂಪು ರಸ ಸಣ್ಣಗೆ ಕುದಿಯುತ್ತಿರುತ್ತದೆ. ರಸದೊಳಗೆ ಒದ್ದೆಯಾದ ಕಾಗದದ ಹಾಳೆಗಳಂತೆ ಒಂದರ ಮೇಲೊಂದು ಬಿದ್ದ ಮಾಂಸದ ತೆಳು ಬಿಲ್ಲೆಗಳು.

ಒಳಗೆ ನಿಂತವನದು ಮಾತು ಕಡಿಮೆ, ಕೈ ಚುರುಕು. ಮುಷ್ಟಿಗಾತ್ರದ ಬ್ರೆಡ್ಡೊಂದನ್ನು ಎಡಗೈಯಲ್ಲಿ ಹಿಡಿದು ಹೊಟ್ಟೆ ಸೀಳುತ್ತಾನೆ, ಇಕ್ಕಳದಿಂದ ಎರಡು ಮೂರು ಬಿಲ್ಲೆ ಎತ್ತಿ ಒಳಗೆ ತುರುಕುತ್ತಾನೆ, ಮೇಲೆ ಅರ್ಧ ಸೌಟು ರಸ. ತೆಳು ಕಾಗದದಲ್ಲಿ ಸುತ್ತಿ ಕೈಗಿಡುತ್ತಾನೆ. ಒಂದು ನಿಮಿಷವೂ ಹಿಡಿಯುವುದಿಲ್ಲ. ಕಟ್ಟೆಯ ಮೇಲೆ ಸಾಸಿವೆ ಪೇಸ್ಟಿನ ಬಾಟಲಿ, ಪಕ್ಕದಲ್ಲಿ ಪಿರಿ-ಪಿರಿ ಮೆಣಸಿನಕಾಯಿ ನೆನೆದ ಎಣ್ಣೆ. ತಿನ್ನುವಾಗ ಸೊಂಟ ತುಸು ಮುಂದಕ್ಕೆ ಬಾಗಿರಬೇಕು. ನೆಟ್ಟಗೆ ನಿಂತು ತಿಂದರೆ ಅಂಗಿಯ ಮೇಲೆ ಕಿತ್ತಳೆ ಬಣ್ಣದ ಕಲೆ ಖಾತ್ರಿ.

ಇದೇ ಬಿಫಾನಾ. ಪೋರ್ಚುಗಲ್ಲಿನ ಹಂದಿಮಾಂಸದ ಸ್ಯಾಂಡ್‌ವಿಚ್. ಈರುಳ್ಳಿ ಇಲ್ಲ, ಟೊಮೆಟೊ ಇಲ್ಲ, ಎಲೆಕೋಸು ಇಲ್ಲ, ಚೀಸ್ ಹಾಕುವುದೂ ರೂಢಿಯಲ್ಲಿಲ್ಲ. ಬ್ರೆಡ್ಡು, ಮಾಂಸ, ರಸ, ಅಷ್ಟೆ. ಇಷ್ಟು ಬಡಕಲು ಪಟ್ಟಿಯ ತಿಂಡಿ ಒಂದು ಇಡೀ ದೇಶದ ಹಸಿವಿಗೆ ಹೇಗೆ ಒದಗಿಬಂತು ಎಂದು ಹುಡುಕುತ್ತ ಹೋದರೆ ಉತ್ತರ ಮಾಂಸದಲ್ಲಿ ಸಿಗುವುದಿಲ್ಲ. ಬಾಣಲೆಯಲ್ಲಿ ಕುದಿಯುತ್ತಿರುವ ಆ ರಸದಲ್ಲಿ ಸಿಗುತ್ತದೆ. ಹಂದಿಮಾಂಸ ತಿನ್ನದವರೂ ಈ ರಸದ ಕತೆಯನ್ನು ಓದಬಹುದು, ಏಕೆಂದರೆ ಅದರ ಒಂದು ಕವಲು ನಮ್ಮ ಕರಾವಳಿಯವರೆಗೂ ಹರಿದು ಬಂದಿದೆ.

ಮೊದಲು ಹೆಸರು. ಪೋರ್ಚುಗೀಸಿನಲ್ಲಿ ‘ಬೀಫೆ’ ಎಂದರೆ ತೆಳ್ಳಗೆ ಕತ್ತರಿಸಿ ಹುರಿದ ಮಾಂಸದ ಬಿಲ್ಲೆ. ಅದು ಇಂಗ್ಲಿಷಿನ ‘ಬೀಫ್’ನಿಂದ ಬಂದ ಎರವಲು. ಅದಕ್ಕೊಂದು ಬಾಲ ಅಂಟಿಸಿಕೊಂಡು ‘ಬಿಫಾನಾ’ ಆಗಿದೆ. ಅಂದರೆ ಹೆಸರಿನಲ್ಲಿ ದನ, ತಟ್ಟೆಯಲ್ಲಿ ಹಂದಿ. ಇಂಗ್ಲಿಷರನ್ನು ಪೋರ್ಚುಗೀಸರು ತಮಾಷೆಗೆ ‘ಬೀಫೆ’ಗಳು ಎಂದೇ ಕರೆಯುವುದುಂಟು. ದನದ ಮಾಂಸದ್ದೇ ಸ್ಯಾಂಡ್‌ವಿಚ್ ಬೇಕೆಂದರೆ ಅಲ್ಲಿ ‘ಪ್ರೇಗು’ ಕೇಳಬೇಕು, ಅಂದರೆ ಮೊಳೆ. ಇನ್ನೊಂದು ಗೊಂದಲ: ಬಿಫಾನಾ ಎಂಬುದು ಸ್ಯಾಂಡ್‌ವಿಚ್ಚಿಗೂ ಹೆಸರು, ಒಳಗಿನ ಮಾಂಸಕ್ಕೂ ಹೆಸರು. ಬ್ರೆಡ್ಡಿಲ್ಲದೆ ಅನ್ನ, ಆಲೂ ಫ್ರೈ, ಮೊಟ್ಟೆಯ ಜೊತೆ ತಟ್ಟೆಯಲ್ಲಿ ಬಂದರೂ ಅದು ಬಿಫಾನಾವೇ.

ಇನ್ನು ರಸ. ಬೆಳ್ಳುಳ್ಳಿ ಜಜ್ಜಿ, ಬಿಳಿ ವೈನು ಸುರಿದು, ಉಪ್ಪು, ಲಾರೆಲ್ ಎಲೆ, ಕೆಂಪು ಮೆಣಸಿನ ಪುಡಿ ಹಾಕಿ ಮಾಂಸವನ್ನು ಕೆಲವು ಗಂಟೆ ಅಥವಾ ಒಂದು ರಾತ್ರಿ ನೆನೆಹಾಕುತ್ತಾರೆ. ಈ ನೆನೆಯುವ ದ್ರವಕ್ಕೆ ಪೋರ್ಚುಗೀಸಿನಲ್ಲಿ ಹಳೆಯ ಹೆಸರೊಂದಿದೆ: ‘ವಿನ್ಯಾ ದಾಲ್ಯುಶ್’. ವೈನು ಅಥವಾ ಅದರ ವಿನೆಗರು, ಜೊತೆಗೆ ಬೆಳ್ಳುಳ್ಳಿ ಎಂದು ಅರ್ಥ. ಫ್ರಿಜ್ಜಿಲ್ಲದ ಕಾಲದಲ್ಲಿ ಇದು ರುಚಿಗೆ ಮಾಡಿದ್ದಲ್ಲ, ಉಳಿಸಿಕೊಳ್ಳಲು ಮಾಡಿದ್ದು. ಚಳಿಗಾಲದಲ್ಲಿ ಮನೆಯ ಹಂದಿ ಕಡಿದರೆ ಅಷ್ಟೂ ಮಾಂಸವನ್ನು ಆ ದಿನವೇ ತಿಂದು ಮುಗಿಸುವುದು ಸಾಧ್ಯವಿಲ್ಲ. ಒಂದಷ್ಟು ಉಪ್ಪಿಗೆ ಹೋಗುತ್ತಿತ್ತು, ಒಂದಷ್ಟು ಹೊಗೆಗೆ, ಒಂದಷ್ಟು ಹುಳಿಗೆ. ಉಪ್ಪು ಮತ್ತು ಹುಳಿ ಸೇರಿದ ಕಡೆ ಮಾಂಸ ಕೆಡಿಸುವ ಸೂಕ್ಷ್ಮಜೀವಿಗಳು ಬೇಗ ಬೆಳೆಯಲಾರವು. ಬೆಳ್ಳುಳ್ಳಿಯೂ ಅವಕ್ಕೆ ಅಷ್ಟೇನೂ ಪ್ರಿಯವಲ್ಲ. ಹೀಗೆ ನಾಲ್ಕು ದಿನ ಹೆಚ್ಚು ಬಾಳಲಿ ಎಂದು ಮಾಡಿದ ಉಪಾಯವೇ ಕ್ರಮೇಣ ನಾಲಗೆಯ ಚಟವಾಯಿತು. ಉಪ್ಪಿನಕಾಯಿ ತಿಂದು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಂದಿಯೇ ಏಕೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಬಡತನದಲ್ಲಿದೆ: ಹಿತ್ತಲಲ್ಲಿ ಮುಸುರೆ ತಿಂದು ಬೆಳೆಯುವ ಪ್ರಾಣಿ ಅದು. ಉಳಿದ ಅರ್ಧ ಅಷ್ಟು ಹಿತವಾದದ್ದಲ್ಲ. 1496ರಲ್ಲಿ ರಾಜ ಒಂದನೇ ಮಾನುವೆಲ್ ಯಹೂದಿಗಳೂ ಮುಸ್ಲಿಮರೂ ದೇಶ ಬಿಡಬೇಕೆಂದು ಆಜ್ಞೆ ಹೊರಡಿಸಿದ. ಮರುವರ್ಷ ಯಹೂದಿಗಳಿಗೆ ಬಲವಂತದ ಮತಾಂತರವಾಯಿತು. 1536ರಲ್ಲಿ ಪೋರ್ಚುಗಲ್ಲಿಗೆ ಇನ್‌ಕ್ವಿಸಿಷನ್, ಅಂದರೆ ಧರ್ಮ ತಪ್ಪಿದವರನ್ನು ಹುಡುಕಿ ಶಿಕ್ಷಿಸುವ ಚರ್ಚಿನ ನ್ಯಾಯಾಲಯ, ಬಂತು. ಯಾರು ನಿಜವಾದ ಕ್ರೈಸ್ತರು, ಯಾರು ಮನೆಯೊಳಗೆ ಹಳೆಯ ಧರ್ಮ ಉಳಿಸಿಕೊಂಡವರು ಎಂದು ನೆರೆಹೊರೆಯವರು ಇಣುಕಿ ನೋಡುವ ಕಾಲ ಅದು. ಅಂಥ ಕಾಲದಲ್ಲಿ ಹಂದಿಮಾಂಸ ತಿನ್ನುವುದು ಊಟವಷ್ಟೇ ಆಗಿರಲಿಲ್ಲ, ನಾಲ್ಕು ಜನರ ಮುಂದೆ ಕೊಡುವ ಸಾಕ್ಷಿಯೂ ಆಗಿತ್ತು. ಉತ್ತರ ಪೋರ್ಚುಗಲ್ಲಿನ ‘ಅಲ್ಯೇರಾ’ ಎಂಬ ಸಾಸೇಜಿನ ಬಗ್ಗೆ ಜನ ಇಂದಿಗೂ ಹೇಳುವ ಕತೆಯೊಂದಿದೆ: ಹಂದಿಯ ಸಾಸೇಜು ತೂಗುಹಾಕದ ಮನೆಯ ಮೇಲೆ ಅನುಮಾನ ಬೀಳುತ್ತದೆಂದು ಯಹೂದಿಗಳು ಕೋಳಿಮಾಂಸ, ಬ್ರೆಡ್ಡು, ಬೆಳ್ಳುಳ್ಳಿ ತುಂಬಿ ಅದೇ ಆಕಾರದಲ್ಲಿ ಮಾಡಿ ತೂಗುಹಾಕಿದರಂತೆ. ಇಂದು ಬಿಫಾನಾ ಕಚ್ಚುವವರ ಮನಸ್ಸಿನಲ್ಲಿ ಇದಾವುದೂ ಸುಳಿಯಲಾರದು, ಸುಳಿಯಬೇಕೆಂದೂ ಇಲ್ಲ. ಆದರೆ ಆ ದೇಶದ ಅಡುಗೆಮನೆಯಲ್ಲಿ ಹಂದಿ ಇಷ್ಟು ಜಾಗ ಹಿಡಿದಿರುವುದರ ಹಿಂದೆ ಇದೂ ಇದೆ.

ರಸದ ಬಣ್ಣಕ್ಕೆ ಬರೋಣ. ಅದಕ್ಕೆ ಹಾಕುವುದು ‘ಕೊಲೊರಾವ್’ ಎಂಬ ಕೆಂಪು ಪುಡಿ. ದಕ್ಷಿಣದ ಅಲೆಂಟೆಜೊ ಪ್ರಾಂತ್ಯದಲ್ಲಿ ಕೆಂಪು ದೊಣ್ಣೆಮೆಣಸನ್ನು ಉಪ್ಪಿನಲ್ಲಿಟ್ಟು ರುಬ್ಬಿದ ಪೇಸ್ಟನ್ನೂ ಹಾಕುತ್ತಾರೆ. ಖಾರ ಬಹಳ ಕಡಿಮೆ, ಬಣ್ಣ ಬಹಳ ಹೆಚ್ಚು. ನಮ್ಮಲ್ಲಿ ಆ ಕೆಲಸ ಮಾಡುವುದು ಬ್ಯಾಡಗಿ ಮೆಣಸಿನಕಾಯಿ. ಈ ಹೋಲಿಕೆ ಕಾಕತಾಳೀಯವಲ್ಲ, ಎರಡೂ ಒಂದೇ ವಂಶದ್ದು. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. 15ನೇ ಶತಮಾನದ ಕೊನೆಗೆ ಐರೋಪ್ಯರ ಹಡಗು ಹತ್ತಿತು. ಒಂದು ದಾರಿಯಲ್ಲಿ ಸ್ಪೇನ್, ಪೋರ್ಚುಗಲ್ ಇರುವ ಐಬೀರಿಯಾಕ್ಕೆ ಹೋಗಿ ಕೊಲೊರಾವ್ ಆಯಿತು, ಇನ್ನೊಂದು ದಾರಿಯಲ್ಲಿ ಪೋರ್ಚುಗೀಸರ ಜೊತೆ ನಮ್ಮ ಪಶ್ಚಿಮ ಕರಾವಳಿಗೆ ಇಳಿದು, ಘಟ್ಟ ಹತ್ತಿ, ಹಾವೇರಿಯ ಕಪ್ಪು ಮಣ್ಣಿನಲ್ಲಿ ಬ್ಯಾಡಗಿ ಆಯಿತು. ಮೂರನೆಯ ಕವಲು ಆಫ್ರಿಕಾದಲ್ಲಿ ಉಳಿದುಕೊಂಡಿತು. ಪಿರಿ-ಪಿರಿ ಎಂಬ ಹೆಸರು ಅಲ್ಲಿಯದು, ಸ್ವಾಹಿಲಿ ಭಾಷೆಯ ‘ಪಿಲಿ ಪಿಲಿ’ಯಿಂದ ಬಂದದ್ದು.

ಈ ಕೆಂಪು ಬಣ್ಣ ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ಒಗ್ಗರಣೆಗೆ ಬ್ಯಾಡಗಿ ಪುಡಿ ಬಿದ್ದೊಡನೆ ಎಣ್ಣೆ ಕೆಂಪಗಾಗುವುದನ್ನು ನೋಡಿದವರಿಗೆ ಇದು ಗೊತ್ತು. ಬಿಫಾನಾದ ಬಾಣಲೆಯಲ್ಲಿ ಎರಡು ಪದರಗಳಿರುತ್ತವೆ: ಕೆಳಗೆ ವೈನು, ಉಪ್ಪು, ಮಾಂಸದ ಸಾರ ಇಳಿದ ನೀರು, ಮೇಲೆ ಬಣ್ಣವನ್ನೂ ಬೆಳ್ಳುಳ್ಳಿಯ ಪರಿಮಳವನ್ನೂ ಹೀರಿಕೊಂಡ ಹಂದಿಕೊಬ್ಬು. ಸೌಟು ಎರಡನ್ನೂ ಕಡೆದುಕೊಂಡು ಮೇಲೇಳಬೇಕು. ಬರೀ ನೀರು ಬಂದರೆ ಬ್ರೆಡ್ಡು ಸಪ್ಪೆ ಮುದ್ದೆ, ಬರೀ ಕೊಬ್ಬು ಬಂದರೆ ಗಂಟಲಿಗೆ ಜಿಡ್ಡು. ಕಿಟಕಿಯ ಹಿಂದೆ ನಿಂತವನು ಬಿಡುವಿದ್ದಾಗಲೆಲ್ಲ ಬಾಣಲೆಯನ್ನು ಸುಮ್ಮನೆ ಕೈಯಾಡಿಸುತ್ತಿರುವಂತೆ ಕಾಣುತ್ತದಲ್ಲ, ಅದು ಇದಕ್ಕೇ.

ಮಾಂಸದ ವಿಷಯದಲ್ಲಿ ನಾನು ಒಮ್ಮೆ ಸರಿಯಾಗಿ ಪಾಠ ಕಲಿತಿದ್ದೇನೆ. ಬೆಂಗಳೂರಿನ ಅಡುಗೆಮನೆಯಲ್ಲಿ ಮೊದಲ ಸಲ ಬಿಫಾನಾ ಮಾಡಹೊರಟಾಗ, ಊರಿನ ಅಭ್ಯಾಸದಂತೆ ತೊಡೆಯ ಮಾಂಸವನ್ನು ದಪ್ಪ ದಪ್ಪ ತುಂಡು ಮಾಡಿ ರಾತ್ರಿಯಿಡೀ ನೆನೆಹಾಕಿದೆ. ಬೆಳಿಗ್ಗೆ ಇಪ್ಪತ್ತು ನಿಮಿಷ ಕುದಿಸಿದೆ. ಬಂದದ್ದು ಚಪ್ಪಲಿ. ಹೊರಗೆ ಹುಳಿ, ಒಳಗೆ ಸಪ್ಪೆ, ಹಲ್ಲಿಗೆ ಕೆಲಸ. ಹೆಂಡತಿ ಒಂದು ತುಂಡು ಜಗಿದು, ರಸ ಚೆನ್ನಾಗಿದೆ ಎಂದಳು. ಮಿಕ್ಕಿದ್ದಕ್ಕೆ ಹೇಳಿದ ಮಾತೂ ಅದೇ ಆಗಿತ್ತು.

ತಪ್ಪು ಎಲ್ಲಿತ್ತೆಂದರೆ, ಹುಳಿ ಮಾಂಸದೊಳಗೆ ನಾವು ಅಂದುಕೊಂಡಷ್ಟು ಆಳಕ್ಕೆ ಇಳಿಯುವುದಿಲ್ಲ. ಇಡೀ ರಾತ್ರಿ ಬಿಟ್ಟರೂ ಮೇಲಿನ ಕೆಲವೇ ಮಿಲಿಮೀಟರು. ಉಪ್ಪು ಇನ್ನಷ್ಟು ಒಳಗೆ ಹೋಗುತ್ತದೆ, ವೈನು ಬೆಳ್ಳುಳ್ಳಿಗಳ ಪರಿಮಳ ಹೋಗದು. ಆದ್ದರಿಂದ ಬಿಲ್ಲೆಯೇ ಮೂರು ನಾಲ್ಕು ಮಿಲಿಮೀಟರಿನದಾದರೆ ಎರಡೂ ಕಡೆಯಿಂದ ಇಳಿದ ರಸ ನಡುವೆ ಕೈಕುಲುಕುತ್ತದೆ. ತೆಳ್ಳಗೆ ಕತ್ತರಿಸಿದ್ದು ಸಾಲದೆಂದು ಕೆಲವರು ಅದನ್ನು ಮರದ ಸುತ್ತಿಗೆಯಿಂದ ಬಡಿದು ಇನ್ನೂ ತೆಳ್ಳಗೆ ಮಾಡುವುದೂ ಇದಕ್ಕೇ. ಕತ್ತರಿಸುವಾಗ ಮಾಂಸದ ನಾರಿಗೆ ಅಡ್ಡವಾಗಿ ಚಾಕು ಹಾಕಬೇಕು. ನಾರಿನ ಉದ್ದಕ್ಕೂ ಹಾಕಿದರೆ ಹಲ್ಲಿಗೆ ಸಿಗುವುದು ಹಗ್ಗ.

ಎರಡನೆಯದು ಹೊತ್ತು. ತೊಡೆ ಮತ್ತು ಬೆನ್ನಿನ ಮಾಂಸದಲ್ಲಿ ಕೊಬ್ಬು ಕಡಿಮೆ. ಕಾವು 60 ಡಿಗ್ರಿ ದಾಟಿತೆಂದರೆ ಅದರ ನಾರುಗಳು ಬಿಗಿದುಕೊಂಡು ಒಳಗಿನ ನೀರನ್ನು ಹಿಂಡಿ ಹೊರಹಾಕುತ್ತವೆ, ಒದ್ದೆ ಬಟ್ಟೆ ಹಿಂಡಿದಂತೆ. ಇದರಿಂದ ಪಾರಾಗಲು ದಾರಿ ಎರಡೇ. ಒಂದೋ ಜೋರು ಉರಿಯಲ್ಲಿ ಒಂದೆರಡು ನಿಮಿಷ ಬಾಡಿಸಿ ಇಳಿಸಿಬಿಡುವುದು. ಇಲ್ಲವೇ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬಿಡುವುದು. ಆಗ ನಾರುಗಳನ್ನು ಕಟ್ಟಿಹಿಡಿದ ಅಂಟು ನಿಧಾನಕ್ಕೆ ಕರಗಿ ಮಾಂಸ ತಾನೇ ಎಳೆ ಬಿಡುತ್ತದೆ. ನಾನು ನಿಂತದ್ದು ಇವೆರಡರ ನಡುವೆ, ನಡುವೆ ಇರುವುದು ಚಪ್ಪಲಿ ಮಾತ್ರ. ಸ್ವಾರಸ್ಯವೆಂದರೆ ಪೋರ್ಚುಗಲ್ಲಿನ ಬಿಫಾನಾ ಪಂಥಗಳು ಒಡೆಯುವುದೂ ಹೆಚ್ಚುಕಡಿಮೆ ಇದೇ ಜಾಗದಲ್ಲಿ.

ಬೇಗ ಮುಗಿಸುವವರ ಕಡೆ ಇರುವುದು ವೆಂಡಾಸ್ ನೋವಾಸ್. ಅಲೆಂಟೆಜೊದ ಈ ಪುಟ್ಟ ಊರು ಬಿಫಾನಾದ ಇನ್ನೊಂದು ಹೆಸರೇ ಆಗಿಬಿಟ್ಟಿದೆ. ಊರಿನ ಹೆಸರಿಗೆ ‘ಹೊಸ ಛತ್ರಗಳು’ ಎಂಬಂಥ ಅರ್ಥ: ಲಿಸ್ಬನ್ನಿನಿಂದ ಪೂರ್ವಕ್ಕೆ ಸ್ಪೇನಿನ ಗಡಿಗೆ ಹೋಗುವ ಹೆದ್ದಾರಿಯಲ್ಲಿ ದಾರಿಹೋಕರು ತಂಗುತ್ತಿದ್ದ ಜಾಗ. 1729ರಲ್ಲಿ ಪೋರ್ಚುಗಲ್ ಮತ್ತು ಸ್ಪೇನಿನ ಅರಸರು ಗಡಿಯ ಕಾಯಾ ನದಿಯ ಬಳಿ ಕೊಡುಕೊಳ್ಳುವ ಸಂಬಂಧ ಮಾಡಿಕೊಂಡರು. ಈಚೆಯ ರಾಜಕುಮಾರಿ ಆಚೆಗೆ, ಆಚೆಯವಳು ಈಚೆಗೆ. ಆ ದಿಬ್ಬಣ ದಾರಿಯಲ್ಲಿ ತಂಗಲೆಂದೇ ಐದನೇ ಜುವಾವ್ ದೊರೆ ಇಲ್ಲಿ ಅರಮನೆಯೊಂದನ್ನು ಕಟ್ಟಿಸಿದ. ಮುಂದೆ ಅದೇ ಅರಮನೆ ಫಿರಂಗಿದಳದ ತರಬೇತಿ ಶಾಲೆಯಾಯಿತು. ಹೆದ್ದಾರಿಯ ಲಾರಿ, ಬಸ್ಸು, ಜೊತೆಗೆ ಹಸಿದ ಸೈನಿಕ ಹುಡುಗರು. ನಿಂತು ತಿಂದು ಹೊರಡುವ ತಿಂಡಿಗೆ ಇದಕ್ಕಿಂತ ಒಳ್ಳೆಯ ಊರು ಬೇಕೆ? ಇಲ್ಲಿ ಬಿಲ್ಲೆಯನ್ನು ತೆಳ್ಳಗೆ ಬಡಿದು ಬೇಗನೆ ಬೇಯಿಸುತ್ತಾರೆ, ಬ್ರೆಡ್ಡನ್ನು ಕಾಯಿಸಿ ಗರಿಗರಿ ಮಾಡುತ್ತಾರೆ. ಬೇಸಿಗೆಯಲ್ಲಿ ಕಡಲತೀರಕ್ಕೆ ಹೋಗಿಬರುವ ಕುಟುಂಬಗಳು ಬಿಫಾನಾ ತಿನ್ನಲೆಂದೇ ದಾರಿ ಬಳಸಿ ಈ ಊರಿಗೆ ಬರುವುದುಂಟು.

ನಿಧಾನಿಗಳ ಪಂಥ ಉತ್ತರದ ಪೋರ್ಟೊದ್ದು. ಅಲ್ಲಿ ಮಾಂಸ ಬಿಲ್ಲೆಯಾಗಿ ಉಳಿದಿರುವುದಿಲ್ಲ, ಚೂರುಚೂರಾಗಿ ರಸದಲ್ಲಿ ಬೆರೆತಿರುತ್ತದೆ. ರಸ ಹೆಚ್ಚು, ಖಾರವೂ ಹೆಚ್ಚು. ಬೊಂಜಾರ್ದಿಂ ಬೀದಿಯ ‘ಕೋಂಗಾ’ ಎಂಬ ಅಂಗಡಿ ಇದಕ್ಕೆ ಹೆಸರುವಾಸಿ. ಕಿಟಕಿಯ ಬಳಿ ದೊಡ್ಡ ಪಾತ್ರೆಯಲ್ಲಿ ಕೊತಕೊತ ಕುದಿಯುವ ಕೆಂಪು ರಸವನ್ನು ನೋಡಲೆಂದೇ ಜನ ನಿಲ್ಲುತ್ತಾರೆ. ಈ ಕಾಲದ ಪೋರ್ಚುಗಲ್ಲಿನ ಖಾರಕ್ಕೆ ಆಫ್ರಿಕಾದ ನಂಟಿದೆ. ಸರ್ವಾಧಿಕಾರವನ್ನು ಉರುಳಿಸಿದ 1974ರ ಏಪ್ರಿಲ್ ಕ್ರಾಂತಿಯ ನಂತರ ಪೋರ್ಚುಗಲ್ಲಿನ ವಸಾಹತುಗಳಾಗಿದ್ದ ಅಂಗೋಲಾ, ಮೊಜಾಂಬಿಕ್ ಸ್ವತಂತ್ರವಾದಾಗ ಅಲ್ಲಿಂದ ಸುಮಾರು ಐದು ಲಕ್ಷ ಜನ ಪೋರ್ಚುಗಲ್ಲಿಗೆ ಮರಳಿದರು. ಅವರ ನಾಲಗೆ ಪಿರಿ-ಪಿರಿಗೆ ಒಗ್ಗಿಹೋಗಿತ್ತು.

ಯಾವುದು ನಿಜವಾದ ಬಿಫಾನಾ ಎಂದು ಲಿಸ್ಬನ್ನಿನವರನ್ನೂ ಪೋರ್ಟೊದವರನ್ನೂ ಒಂದೇ ಮೇಜಿನಲ್ಲಿ ಕೂರಿಸಿ ಕೇಳಬಾರದು. ಬಿಯರಿನ ಪುಟ್ಟ ಗ್ಲಾಸಿನ ಹೆಸರಿನಲ್ಲೇ ಅವರು ಒಂದಾಗುವುದಿಲ್ಲ: ಲಿಸ್ಬನ್ನಿನಲ್ಲಿ ‘ಇಂಪೆರಿಯಾಲ್’, ಪೋರ್ಟೊದಲ್ಲಿ ‘ಫೀನು’. ನನ್ನನ್ನು ಕೇಳಿದರೆ ನಾನು ಪೋರ್ಟೊ ಕಡೆಗೆ. ರಸವೇ ಮುಖ್ಯ ಎಂದಮೇಲೆ ರಸದಲ್ಲಿ ಕೈಬಿಗಿ ಏಕೆ?

ಬ್ರೆಡ್ಡಿನ ಮಾತು ಮರೆಯುವಂತಿಲ್ಲ. ಬಿಫಾನಾದ ಬ್ರೆಡ್ಡು ‘ಪಾಪು ಸೇಕು’. ಎರಡು ತುದಿ ಚೂಪು, ನಡುವೆ ಒಂದು ಸೀಳು, ಹೊರಗೆ ತೆಳುವಾದ ಗರಿಗರಿ ಚಿಪ್ಪು, ಒಳಗೆ ಹತ್ತಿಯಂಥ ತಿರುಳು. ಹಿಟ್ಟು, ನೀರು, ಉಪ್ಪು, ಈಸ್ಟು ಬಿಟ್ಟರೆ ಹೆಚ್ಚೇನೂ ಇಲ್ಲ. ಒಳಗಿನ ತಿರುಳು ರಸ ಹೀರುತ್ತದೆ, ಹೊರಗಿನ ಚಿಪ್ಪು ಅದನ್ನು ಹಿಡಿದಿಡುತ್ತದೆ. ನಮ್ಮ ಬೇಕರಿಯ ಸಿಹಿ ಬನ್ನಿನಲ್ಲಿ ಈ ಪ್ರಯೋಗ ಮಾಡಿ ನೋಡಿದ್ದೇನೆ: ಮೂರನೆಯ ಕಚ್ಚಿಗೆ ಬನ್ನಿನ ತಳವೇ ಕಳಚಿ ತಟ್ಟೆಗೆ ಬಿತ್ತು. ಪಾಪು ಸೇಕುವಿಗೆ ಇರುವ ಕಾಲಾವಕಾಶವೂ ಬಹಳವೇನಲ್ಲ. ನಾಲ್ಕೈದು ನಿಮಿಷದಲ್ಲಿ ತಿಂದು ಮುಗಿಸಬೇಕು, ಆಮೇಲೆ ಚಿಪ್ಪೂ ಸೋಲುತ್ತದೆ. ಬಿಫಾನಾವನ್ನು ಪಾರ್ಸೆಲ್ ಕಟ್ಟಿಸಿ ಮನೆಗೊಯ್ದು ತಿಂದವರು ಅದರ ಬಗ್ಗೆ ತೀರ್ಪು ಕೊಡಲು ಅರ್ಹರಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗಾಗಿಯೇ ಇದು ಜನ ನೆರೆದ ಕಡೆಯ ತಿಂಡಿ. ಫುಟ್ಬಾಲ್ ಪಂದ್ಯದ ದಿನ ಸ್ಟೇಡಿಯಂ ಹೊರಗೆ ಸಾಲಾಗಿ ನಿಲ್ಲುವ ತಿಂಡಿ ವ್ಯಾನುಗಳಲ್ಲಿ, ಜೂನ್ 12ರ ರಾತ್ರಿ ಸಂತ ಅಂತೋನಿಯ ಹಬ್ಬಕ್ಕೆ ಲಿಸ್ಬನ್ನಿನ ಬೀದಿಗಳೆಲ್ಲ ಮೀನು ಸುಡುವ ಹೊಗೆಯಲ್ಲಿ ಮುಳುಗಿದಾಗ ಆ ಹೊಗೆಯ ಪಕ್ಕದಲ್ಲಿ, ಹಳ್ಳಿಯ ಜಾತ್ರೆಗಳಲ್ಲಿ, ‘ಟಾಸ್ಕಾ’ ಎಂದು ಕರೆಯುವ ಹಳೇ ಕಾಲದ ಪುಟ್ಟ ಹೋಟೆಲುಗಳಲ್ಲಿ. ನಡುರಾತ್ರಿ ಬಾರಿನಿಂದ ಹೊರಬಿದ್ದವರೂ, ಬೆಳಿಗ್ಗೆ ಕೆಲಸಕ್ಕೆ ಹೊರಟವರೂ ಒಂದೇ ಕಿಟಕಿಯ ಮುಂದೆ ನಿಂತಿರುತ್ತಾರೆ.

ಈ ರಸ ಪೋರ್ಚುಗಲ್ಲಿನಲ್ಲೇ ಉಳಿಯಲಿಲ್ಲ ಎಂದೆನಲ್ಲ. ಅಟ್ಲಾಂಟಿಕ್ ಸಾಗರದ ಮದೀರಾ ದ್ವೀಪದಲ್ಲಿ ವಿನ್ಯಾ ದಾಲ್ಯುಶ್‌ನಲ್ಲಿ ನೆನೆದ ಹಂದಿಮಾಂಸ ಕ್ರಿಸ್ಮಸ್ಸಿನ ಅಡುಗೆ. 19ನೇ ಶತಮಾನದಲ್ಲಿ ಅಲ್ಲಿಯ ಕೂಲಿಗಳು ಗಯಾನಾಕ್ಕೂ ಟ್ರಿನಿಡಾಡಿಗೂ ಹೋದಾಗ ಅದನ್ನೂ ಒಯ್ದರು. ಅಲ್ಲಿ ಇಂದಿಗೂ ಕ್ರಿಸ್ಮಸ್ ಬೆಳಿಗ್ಗೆ ‘ಗಾರ್ಲಿಕ್ ಪೋರ್ಕ್’ ಇರಲೇಬೇಕು. ಪೋರ್ಚುಗೀಸರು ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ಇದ್ದು 1999ರಲ್ಲಿ ಚೀನಾಕ್ಕೆ ಬಿಟ್ಟುಕೊಟ್ಟ ಮಕಾವಿನಲ್ಲಿ ಹುರಿದ ಹಂದಿ ಚಾಪನ್ನು ಗರಿಗರಿ ಬನ್ನಿನೊಳಗಿಟ್ಟು ಕೊಡುತ್ತಾರೆ. ಅದು ಬಿಫಾನಾದ ರಸ ಕಳೆದುಕೊಂಡ ನೆಂಟ.

ನಮಗೆ ಹತ್ತಿರದ ನೆಂಟ ಗೋವಾದವನು. 1510ರಲ್ಲಿ ಗೋವಾ ಹಿಡಿದವರಿಗೆ ಅಲ್ಲಿ ದ್ರಾಕ್ಷಿಯ ವೈನಿನ ವಿನೆಗರು ಸುಲಭಕ್ಕೆ ಸಿಗಲಿಲ್ಲ, ತೆಂಗಿನ ಕಳ್ಳು ಸಿಕ್ಕಿತು. ಕಳ್ಳು ಹುಳಿ ಬಂದರೆ ವಿನೆಗರೇ. ಅದಕ್ಕೆ ಕೆಂಪು ಮೆಣಸಿನಕಾಯಿ, ಜೀರಿಗೆ, ಲವಂಗ, ಚಕ್ಕೆ ಸೇರಿ ‘ವಿನ್ಯಾ ದಾಲ್ಯುಶ್’ ನಾಲಗೆಯಲ್ಲಿ ಸವೆದು ‘ವಿಂದಾಲು’ ಆಯಿತು. ಮುಂದೆ ಇಂಗ್ಲೆಂಡಿನ ಹೋಟೆಲುಗಳು, ಉತ್ತರ ಭಾರತದ ಮೆನುಗಳು ಆ ‘ಆಲು’ವನ್ನು ಆಲೂಗಡ್ಡೆಯೆಂದೇ ನಂಬಿ ಗೆಡ್ಡೆಯನ್ನೂ ಹಾಕಿದವು. ಪಾಪ, ಅದು ಬೆಳ್ಳುಳ್ಳಿ.

ಗೋವಾದಿಂದ ಕೆನರಾ ಕರಾವಳಿಗೆ ವಲಸೆ ಬಂದ ಕ್ರೈಸ್ತರ ಜೊತೆ ಈ ಹುಳಿ-ಬೆಳ್ಳುಳ್ಳಿ-ಹಂದಿಯ ಸಂಸಾರ ಮಂಗಳೂರಿಗೂ ಬಂತು. ಮದುವೆಯ ಹಿಂದಿನ ದಿನದ ರೋಸಿನ ಊಟದಲ್ಲಿ ಬಡಿಸುವ ದುಕ್ರಾಮಾಸ್, ಅಂದರೆ ಬಫಾತ್ ಪುಡಿ ಹಾಕಿದ ಹಂದಿಮಾಂಸ, ಪಕ್ಕದಲ್ಲಿ ಇಡ್ಲಿಯಂಥ ಬಿಳಿ ಸನ್ನಾಂ. ಬಫಾತ್ ಪುಡಿಯ ಬಣ್ಣ ಬ್ಯಾಡಗಿಯದು, ಹುಳಿ ವಿನೆಗರು ಅಥವಾ ಹುಣಿಸೆಯದು. ಬಿಫಾನಾ ಮತ್ತು ಬಫಾತ್ ಒಂದೇ ಅಡುಗೆ ಎಂದು ನಾನು ಹೇಳುತ್ತಿಲ್ಲ. ಒಂದಕ್ಕೆ ಧನಿಯಾ ಜೀರಿಗೆ ಅರಿಶಿನ ಗೊತ್ತಿಲ್ಲ, ಇನ್ನೊಂದಕ್ಕೆ ವೈನು ಕಡ್ಡಾಯವಲ್ಲ. ಆದರೆ ಸನ್ನಾಂ ಆಗಲಿ ಪಾಪು ಸೇಕು ಆಗಲಿ, ತಟ್ಟೆಯಲ್ಲಿ ಅದರ ಕೆಲಸ ಒಂದೇ: ಕೊಬ್ಬು ಹುಳಿ ಬೆರೆತ ಕೆಂಪು ರಸವನ್ನು ಹೀರಿಕೊಳ್ಳುವುದು. ‘ಪಾವ್’ ಎಂಬ ಪದವನ್ನೇ ನಾವು ಪೋರ್ಚುಗೀಸಿನಿಂದ ತೆಗೆದುಕೊಂಡಿದ್ದೇವೆ.

ಮನೆಯಲ್ಲಿ ಮಾಡಬೇಕೆನ್ನುವವರಿಗೆ ನನ್ನ ಎರಡನೆಯ ಪ್ರಯತ್ನದ ವಿವರ. ಅರ್ಧ ಕಿಲೊ ತೊಡೆಮಾಂಸವನ್ನು ಒಂದು ಗಂಟೆ ಫ್ರೀಜರಿನಲ್ಲಿಟ್ಟರೆ ಅರೆಗಟ್ಟಿಯಾಗಿ ತೆಳ್ಳಗೆ ಕತ್ತರಿಸಲು ಬರುತ್ತದೆ. ಎಂಟು ಎಸಳು ಬೆಳ್ಳುಳ್ಳಿ ಜಜ್ಜಬೇಕು, ಕೊಚ್ಚಿದರೆ ಸಾಲದು. ಜೀವಕೋಶ ಒಡೆದಾಗಲೇ ಅದರ ಘಾಟು ಹುಟ್ಟುವುದು. ಒಂದು ಲೋಟ ಬಿಳಿ ವೈನು, ಒಂದು ಚಮಚ ಜರಡಿ ಹಿಡಿದ ಬ್ಯಾಡಗಿ ಪುಡಿ, ಉಪ್ಪು. ಲಾರೆಲ್ ಎಲೆಯ ಬದಲು ನಮ್ಮ ಪಲಾವ್ ಎಲೆ ಹಾಕಬಹುದೇ ಎಂದರೆ ಹಾಕಬಹುದು, ಆದರೆ ಅದು ದಾಲ್ಚಿನ್ನಿ ಜಾತಿಯ ಗಿಡ, ಪರಿಮಳ ಬೇರೆ ಕಡೆ ಹೋಗುತ್ತದೆ. ನಾನು ಅರ್ಧ ಎಲೆ ಹಾಕಿ ಕಣ್ಣುಮುಚ್ಚಿಕೊಂಡೆ. ನಾಲ್ಕು ಗಂಟೆ ನೆನೆದ ಬಿಲ್ಲೆಗಳನ್ನು ಹಿಂಡಿ ತೆಗೆದು, ಕಾದ ಹಂದಿಕೊಬ್ಬಿನಲ್ಲಿ ಎರಡೂ ಮಗ್ಗುಲು ಸೇರಿ ಎರಡು ನಿಮಿಷ ಬಾಡಿಸಿ, ಒಳಗೆ ಕೆಂಪು ಉಳಿದಿಲ್ಲವೆಂದು ನೋಡಿ ಎತ್ತಿಟ್ಟೆ. ನೆನೆದ ದ್ರವವನ್ನು ಅದೇ ಬಾಣಲೆಗೆ ಸುರಿದು ಅರ್ಧಕ್ಕಿಳಿಯುವವರೆಗೆ ಚೆನ್ನಾಗಿ ಕುದಿಸಿದೆ. ಹಸಿ ಮಾಂಸ ನೆನೆದ ನೀರದು, ಈ ಕುದಿ ತಪ್ಪಿಸುವಂತಿಲ್ಲ. ಕೊನೆಗೆ ಬಿಲ್ಲೆಗಳನ್ನು ಮತ್ತೆ ಇಳಿಸಿ ಅರ್ಧ ನಿಮಿಷ.

ಬ್ರೆಡ್ಡಿಗೆ ಮನೆ ಹತ್ತಿರದ ಬೇಕರಿಯ ಗಟ್ಟಿ ಚಿಪ್ಪಿನ ಪುಟ್ಟ ರೋಲ್ ಸಿಕ್ಕಿತು. ಈ ಸಲ ಹೆಂಡತಿ ಏನೂ ಹೇಳದೆ ಎರಡನೆಯದಕ್ಕೆ ಕೈಹಾಕಿದಳು. ಬಾಣಲೆಯಲ್ಲಿ ಎರಡು ಸೌಟು ರಸ ಉಳಿಯಿತು. ಫ್ರಿಜ್ಜಿನಲ್ಲಿಟ್ಟಿದ್ದೆ, ಬೆಳಿಗ್ಗೆ ನೋಡಿದರೆ ಮೇಲೆ ಕಿತ್ತಳೆ ಬಣ್ಣದ ಕೊಬ್ಬು ಮೇಣದಂತೆ ಹೆಪ್ಪುಗಟ್ಟಿತ್ತು. ಒಂದು ಚಮಚ ಕೆರೆದು ಕಾವಲಿಗೆ ಹಾಕಿ ಅದರ ಮೇಲೆ ಮೊಟ್ಟೆ ಒಡೆದೆ.